ವಿಷ ಇಳಿಸುವ ಗುಳಿಗೆ

“ಬುದ್ಧಿ, ನನ್ನೊಳಗಿನ ಪಾಪ ಇನ್ನೆಷ್ಟು ಉಳಿದಿದೆ?”

ಶಿಷ್ಯ ಮುರಿಗೆಪ್ಪ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಅದನ್ನು ಅಳೆಯಲಿಕ್ಕೆ ನನ್ನ ಹತ್ತಿರ ಸೇರು ಪಾವು ಇಲ್ಲವಲ್ಲಪ್ಪ. ಯಾಕೆ, ಏನಾಯಿತು?”

“ಜಪಕ್ಕೆ ಕೂತರೆ ಅಳು ಬರುತ್ತದೆ ಬುದ್ಧಿ. ಅದು ಪಾಪ ತೊಳೆದು ಹೋಗುವ ಗುರುತು, ನಿಲ್ಲಿಸಬೇಡ ಅಂತ ಮಠದ ಉಳಿದ ಶಿಷ್ಯರು ಹೇಳಿದರು. ಅದಕ್ಕೇ ಜಪದ ಹೊತ್ತು ಹೆಚ್ಚು ಮಾಡಿದೆ. ಅಳುವೂ ಹೆಚ್ಚಾಯಿತು.”

“ಅಳು ಬಾರದ ದಿನ?”

“ಆ ದಿನ ಊಟವೇ ಸೇರುವುದಿಲ್ಲ. ಪಾಪವೆಲ್ಲ ಒಳಗೇ ಸಿಕ್ಕಿಕೊಂಡಿತೇನೋ ಎಂದು ಭಯ.”

ಗುರುಗಳು ಶೇಂಗಾದ ಬುಟ್ಟಿಯನ್ನು ಅವನ ಕಡೆಗೆ ತಳ್ಳಿದರು. “ಬಿಡಿಸುತ್ತಾ ಕೇಳು. ತಿನ್ನಬೇಡ,” ಎಂದು ಹೇಳಿ ಕತೆ ಶುರು ಮಾಡಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೆ, ಬಟ್ಟೆಗೆ ನೀಲಿ ಹಾಕುವುದು ಅವನ ಕಸುಬು. ಅವನ ಕೈ ಮೊಣಕೈವರೆಗೂ ನೀಲಿ. ಇಂಥ ಕೈ ಹಿಡಿಯಲಿಕ್ಕೆ ಹೆಣ್ಣಿಗೆ ಎದೆಗಾರಿಕೆ ಬೇಕು ಎಂದು ಊರಿನವರು ನಗುತ್ತಿದ್ದರು. ಅವನ ಹೆಂಡತಿಗೆ ಎದೆಗಾರಿಕೆ ಇತ್ತು. ಬಾಯಿಯೂ ಇತ್ತು.

ಅವನ ಕಸುಬಿಗೆ ಒಂದು ಕಟ್ಟಳೆ. ಬಣ್ಣದ ಬಾನಿಯಿಂದ ತೆಗೆದ ಬಟ್ಟೆಯನ್ನು ಹೊಳೆಯಲ್ಲಿ ಜಾಲಿಸಬೇಕು. ಬಟ್ಟೆ ನೀಲಿ ನೀರು ಬಿಡುತ್ತದೆ. ಬಿಡಲಿ. ನೀರು ತಿಳಿಯಾಗುವವರೆಗೆ ಜಾಲಿಸುತ್ತಲೇ ಇರಬೇಕು. ನಡುವೆ ಎತ್ತಿದರೆ ಒಳಗೆ ಉಳಿದ ಹಸಿ ಬಣ್ಣ ಬಟ್ಟೆಯನ್ನೆಲ್ಲ ಕೆಡಿಸುತ್ತದೆ. ಇದನ್ನು ಅವನಿಗೆ ಅವನ ಅಪ್ಪ ಕಲಿಸಿದ್ದ. ಆ ಕಟ್ಟಳೆಯಿಂದ ಆ ಮನೆಯಲ್ಲಿ ಯಾರೂ ಮೋಸಹೋಗಿರಲಿಲ್ಲ.

ಒಂದು ಬೆಳಿಗ್ಗೆ ಅವನು ಹೆಂಡತಿಯ ಕಣ್ಣಿನ ಬಿಳಿಯಲ್ಲಿ ಹಳದಿ ಕಂಡ. ಬೇರೆ ಯಾರಿಗೂ ಕಾಣದಷ್ಟು ಸಣ್ಣ ಹಳದಿ. ಅವನು ಬಣ್ಣಗಾರ, ಅವನಿಗೆ ಕಂಡಿತು. ಕೆಲವು ದಿನ ಕಳೆದ ಮೇಲೆ ಅವಳ ಮುಖ ಬಾತಿತು. ಪಾದ ಊದಿತು. ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತು.

“ಅದನ್ನು ಬಿಚ್ಚಿ ಇಡೇ,” ಎಂದ ಬಣ್ಣಗಾರ.

“ಗಂಡ ಎದುರಿಗೆ ನಿಂತಿರುವಾಗ ಕಾಲುಂಗುರ ಬಿಚ್ಚಲೇ? ಬೇಕಾದರೆ ನನ್ನ ಕಾಲನ್ನೇ ಸಣ್ಣ ಮಾಡಿಸಿ,” ಎಂದಳು.

ಅವನು ನಗಲಿಲ್ಲ. ಅವಳಿಲ್ಲದ ಮನೆ ಹೇಗಿರುತ್ತದೆ ಎಂದು ಒಂದು ಗಳಿಗೆ ಅವನ ಮನಸ್ಸಿಗೆ ಬಂತು. ಬಾನಿಗೆ ಇಳಿಬಿಟ್ಟ ಕೈಯನ್ನು ಮೇಲಕ್ಕೆತ್ತುವುದೇ ಮರೆತುಹೋಯಿತು.

ಹೊಳೆಯ ಆಚೆ ದಡದಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಹರಿಗೋಲಿನಲ್ಲಿ ದಾಟಬೇಕು. ನಾಳೆ ದಾಟೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡ ದಿನವೇ ಊರ ಸಂತೆಗೆ ಒಬ್ಬ ಔಷಧದ ವ್ಯಾಪಾರಿ ಬಂದ.

ಅವನು ಗಾಡಿಯ ಮೇಲೆ ನಿಂತು ತಮಟೆ ಬಡಿದ. ಕೈಯಲ್ಲಿ ಗಾಜಿನ ಶೀಸೆ. ಶೀಸೆಯ ತುಂಬ ಬೆಳ್ಳಗಿನ ಗುಳಿಗೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಎರಡು ಅವರೆಕಾಳಿನಂಥ ಚಿತ್ರ, ಪಕ್ಕದಲ್ಲಿ ಮೀಸೆ ತಿರುವುವ ಒಬ್ಬ ಪೈಲ್ವಾನ.

“ಅಣ್ಣಗಳಿರಾ, ಅಕ್ಕಗಳಿರಾ! ನಿಮ್ಮ ಮೈಯಲ್ಲಿ ಎರಡು ಕಿಡ್ನಿ, ಒಂದು ಲಿವರ್. ಮೂರೂ ಮನೆಯ ಮೋರಿ ಇದ್ದ ಹಾಗೆ. ಮೋರಿ ಕಟ್ಟಿತೋ, ಮನೆ ನಾರಿತು! ಮುಖ ಊದುತ್ತದೋ? ಸೊಂಟ ಹಿಡಿಯುತ್ತದೋ? ಕಣ್ಣು ಹಳದಿಯೋ? ಈ ಗುಳಿಗೆ ನುಂಗಿ. ಅಗಿಯಬೇಡಿ, ನುಂಗಿ! ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋಗಿ ನಿಮ್ಮ ನೀರನ್ನು ನೀವೇ ನೋಡಿಕೊಳ್ಳಿ. ನೀಲಿ ಬಂದರೆ ವಿಷ ಇಳಿಯಿತು ಎಂದು ತಿಳಿಯಿರಿ. ಬರಲಿಲ್ಲವೋ, ಇದೇ ಶೀಸೆಯನ್ನು ನನ್ನ ತಲೆಗೆ ಒಡೆಯಿರಿ!”

ಕಿಡ್ನಿ ಎಲ್ಲಿದೆ, ಲಿವರ್ ಎಲ್ಲಿದೆ ಎಂದು ಊರಿನವರಿಗೆ ತಿಳಿದಿರಲಿಲ್ಲ. ಅದಕ್ಕೇ ಎಲ್ಲ ಕಡೆಯೂ ನೋವು ಕಾಣಿಸಿತು. ಗರಡಿಯಿಂದ ಬಂದ ಹುಡುಗರು ಕೂಡ ಸೊಂಟ ಒತ್ತಿಕೊಂಡು ಕೈ ಚಾಚಿದರು. ಬಣ್ಣಗಾರ ಎಲ್ಲರಿಗಿಂತ ಮುಂದೆ ನಿಂತಿದ್ದ.

ಮುರಿಗೆಪ್ಪ ಶೇಂಗಾ ಬಿಡಿಸುವುದನ್ನು ನಿಲ್ಲಿಸಿದ. “ನೀಲಿ ಬಂತೇ ಬುದ್ಧಿ?”

“ಬಾರದೆ ಏನು! ಗುಳಿಗೆಯ ಹೊಟ್ಟೆಯಲ್ಲೇ ನೀಲಿ ಇತ್ತು. ಮೇಲೆ ಸಕ್ಕರೆಯ ಅಂಗಿ. ಅದು ವ್ಯಾಪಾರಿಗೆ ಗೊತ್ತಿತ್ತು. ಈಗ ನಿನಗೂ ಗೊತ್ತಾಯಿತು. ಬಣ್ಣಗಾರನಿಗೆ ಹೇಳುವವರು ಯಾರೂ ಇರಲಿಲ್ಲ.”

ಗುರುಗಳು ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಹೆಂಡತಿ ಹಿತ್ತಲಿನಿಂದ ಕೂಗಿದಳು. ಬಣ್ಣಗಾರ ಓಡಿಹೋಗಿ ನೋಡಿದ. ನೀಲಿ.

“ಅಯ್ಯೋ ನಮ್ಮಪ್ಪ, ನನ್ನ ಹೊಟ್ಟೆಯಲ್ಲೂ ಒಂದು ಬಾನಿ ಹೂತಿಟ್ಟಿದ್ದೀರಾ?” ಎಂದಳು ಅವಳು.

ಬಣ್ಣಗಾರ ಆಕಾಶಕ್ಕೆ ಕೈ ಮುಗಿದ. “ಇಷ್ಟು ವಿಷ ಒಳಗಿತ್ತಲ್ಲೇ! ಹೋಗುತ್ತಿದೆ, ನೋಡು. ಹೋಗುತ್ತಿದೆ.”

ಆಗ ಅವನಿಗೆ ಅಪ್ಪನ ಕಟ್ಟಳೆ ನೆನಪಾಯಿತು. ನೀರು ತಿಳಿಯಾಗುವವರೆಗೆ ನಿಲ್ಲಿಸಬಾರದು. ಆಸ್ಪತ್ರೆಯ ಮಾತು ಅಲ್ಲಿಗೇ ನಿಂತಿತು.

ಬಣ್ಣದ ಹದ ನೋಡಲು ಅವನ ಹತ್ತಿರ ಒಂದು ಬಿಳಿ ಪಿಂಗಾಣಿ ಬಟ್ಟಲಿತ್ತು. ಅದನ್ನು ಅವಳಿಗೆ ಕೊಟ್ಟ. ದಿನಾ ಬೆಳಿಗ್ಗೆ ಆ ಬಟ್ಟಲನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡುವನು. ಇವತ್ತು ಒಂದು ಎಳೆ ತಿಳಿ ಎನ್ನುವನು. ಮತ್ತೆ ನೋಡಿ, ಇಲ್ಲ, ನಿನ್ನೆಯದೇ ಎನ್ನುವನು. ತಿಳಿ ಎನಿಸಿದ ದಿನ, ವಿಷ ಮುಗಿಯಿತೋ ಒಳಗೇ ನಿಂತಿತೋ ಎಂದು ಭಯ. ಗಾಢ ಎನಿಸಿದ ದಿನ, ಇನ್ನೂ ಇಷ್ಟಿದೆಯಲ್ಲ ಎಂದು ಭಯ. ಭಯವಿಲ್ಲದ ದಿನವೇ ಇರಲಿಲ್ಲ. ಅವನ ಕಣ್ಣು ಒಳಕ್ಕೆ ಹೋಯಿತು. ಗಡ್ಡ ಬೆಳೆಯಿತು. ಗಿರಾಕಿಗಳ ನೂಲು ಮೂಲೆಯಲ್ಲಿ ಬಿದ್ದಿತ್ತು.

ಊರೂ ಹಾಗೇ ಇತ್ತು. ಎದುರಿಗೆ ಸಿಕ್ಕವರು “ಊಟ ಆಯಿತಾ?” ಎನ್ನುವುದನ್ನು ಬಿಟ್ಟು “ಬಂತಾ?” ಎಂದು ಕೇಳುತ್ತಿದ್ದರು. ಒಬ್ಬ ರೈತ ತನ್ನ ಎತ್ತಿಗೂ ಒಂದು ಹಿಡಿ ಗುಳಿಗೆಯನ್ನು ಬೆಲ್ಲದಲ್ಲಿ ಇಟ್ಟು ತಿನ್ನಿಸಿದ. ಎತ್ತಿಗೂ ಬಂತು. ಪಾಪದ ಪ್ರಾಣಿ, ಹೇಳಿಕೊಳ್ಳಲಿಲ್ಲ ಎಂದು ರೈತ ಅದರ ಕೊರಳು ತಬ್ಬಿ ಅತ್ತ. ಎತ್ತಿಗೆ ಉಳುಮೆ ತಪ್ಪಿತು. ಆ ಊರಿನಲ್ಲಿ ಗುಳಿಗೆಯಿಂದ ಲಾಭ ಆದದ್ದು ಅದಕ್ಕೊಂದಕ್ಕೇ.

ಬಣ್ಣಗಾರನ ಹೆಂಡತಿಯ ಊತ ಪಾದದಿಂದ ಮೇಲಕ್ಕೆ ಏರಿತು. ಅವಳು ಗೋಡೆ ಹಿಡಿದು ನಡೆಯತೊಡಗಿದಳು. ಆಮೇಲೆ ನಡೆಯುವುದನ್ನೇ ಬಿಟ್ಟಳು. ಅವನು ಗುಳಿಗೆ ಹೆಚ್ಚಿಸಿದ. ನೀಲಿ ಗಾಢವಾಯಿತು.

“ನೋಡಿದೆಯಾ? ತಳದಲ್ಲಿದ್ದದ್ದು ಮೇಲೆ ಬರುತ್ತಿದೆ,” ಎಂದು ಅವಳಿಗೆ ಧೈರ್ಯ ಹೇಳಿದ.

ಅಷ್ಟರಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಹಿಡಿಯಿತು. ಹೊಳೆಯ ನೀರು ಕೆಂಪಾಯಿತು. ಹೆಂಡತಿಯ ತಮ್ಮ ಪಕ್ಕದ ಊರಿನಿಂದ ಗಾಡಿ ಹೊಡೆದುಕೊಂಡು ಬಂದ. ಅಕ್ಕನನ್ನು ನೋಡಿದವನು ಚಪ್ಪಲಿ ಬಿಡುವುದನ್ನೂ ಮರೆತ.

“ಭಾವ, ಇವತ್ತೇ ಅಕ್ಕನನ್ನು ಆಸ್ಪತ್ರೆಗೆ ಸಾಗಿಸೋಣ. ಹೊಳೆ ಏರುತ್ತಿದೆ. ಇನ್ನೊಂದು ಮಳೆ ಬಂದರೆ ಅಂಬಿಗ ಹರಿಗೋಲು ಬೋರಲು ಹಾಕುತ್ತಾನಂತೆ. ಆಮೇಲೆ ದಾಟಿಸುವವರಿಲ್ಲ.”

“ಈಗ ಆಗುವುದಿಲ್ಲ. ಇನ್ನೂ ನೀಲಿ ಬರುತ್ತಿದೆ. ಅರ್ಧ ಜಾಲಿಸಿದ ಬಟ್ಟೆಯನ್ನು ಯಾರಾದರೂ ಎತ್ತುತ್ತಾರೇನೋ?”

“ಭಾವ, ಅದು ನನ್ನ ಅಕ್ಕ. ನಿಮ್ಮ ಗಿರಾಕಿಯ ಸೀರೆಯಲ್ಲ.”

“ನಿನಗೆ ಗಾಡಿ ಗೊತ್ತು, ಬಣ್ಣ ಗೊತ್ತಿಲ್ಲ. ಸುಮ್ಮನಿರು.”

“ಹಾಗಾದರೆ ನೀವೇ ಒಂದು ನುಂಗಿ. ರೋಗ ಇಲ್ಲದವನಿಗೆ ಏನು ಬರುತ್ತದೋ ನೋಡೋಣ.”

ಬಣ್ಣಗಾರನಿಗೆ ಅದು ನ್ಯಾಯ ಎನಿಸಿತು. ನುಂಗಿದ. ಬೆಳಿಗ್ಗೆ ಇಬ್ಬರೂ ಹಿತ್ತಲಿಗೆ ಹೋದರು. ನೀಲಿ ಬಂತು. ಭಾವಮೈದುನ ತೊಡೆ ತಟ್ಟಿದ.

“ನೋಡಿದಿರಾ ಭಾವ! ಗಟ್ಟಿಮುಟ್ಟಾದ ನಿಮಗೂ ಬಂತು! ಇದು ಗುಳಿಗೆಯದೇ ಬಣ್ಣ, ಅಕ್ಕನ ವಿಷ ಅಲ್ಲ!”

ಬಣ್ಣಗಾರನ ಮುಖ ಬಿಳುಚಿಕೊಂಡಿತ್ತು. ಅವನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ.

“ನನಗೂ ಇದೆ,” ಎಂದ. “ಒಳಗೊಳಗೇ ಇತ್ತು. ಗೊತ್ತೇ ಆಗಲಿಲ್ಲ ನೋಡು.”

“ಅಯ್ಯೋ ಶಿವನೇ! ನಿಮಗೆ ಹೇಗೆ ಹೇಳಲಿ? ಕೊಡಿ ಇಲ್ಲಿ, ನಾನೂ ನುಂಗುತ್ತೇನೆ. ಕೋಣದ ಹಾಗಿದ್ದೇನೆ, ನನಗೆ ಯಾವ ರೋಗ? ನಾಳೆ ನನಗೂ ನೀಲಿ ಬಂದರೆ ಮಾತಿಲ್ಲದೆ ಹೊಳೆಗೆ ಹೊರಡಬೇಕು.”

ಆಗಲಿ ಎಂದ ಬಣ್ಣಗಾರ.

ಮರುದಿನ ತಮ್ಮ ನಗುತ್ತಾ ಹಿತ್ತಲಿಗೆ ಹೋದ. ಬರುವಾಗ ನಗು ಇರಲಿಲ್ಲ. ನಿನ್ನೆ ಅವನಿಗೆ ಎಲ್ಲವೂ ಗೊತ್ತಿತ್ತು. ನಿನ್ನೆಯ ನೀಲಿ ಭಾವನದು. ಇವತ್ತಿನದು ತನ್ನದೇ.

“ಬಂತಾ?” ಎಂದು ಬಣ್ಣಗಾರ ಕೇಳಿದ.

“ಬಂತು.”

“ಹೊರಡೋಣವಾ ಹೊಳೆಗೆ?”

ತಮ್ಮ ತನ್ನ ಸೊಂಟವನ್ನು ಮೆಲ್ಲಗೆ ಒತ್ತಿ ನೋಡಿಕೊಂಡ. “ಭಾವ, ಗಾಡಿ ಹೊಡೆಯುವಾಗ ಈ ಪಕ್ಕದಲ್ಲಿ ಒಂದು ಥರ ಹಿಡಿಯುತ್ತಿತ್ತು. ದಣಿವು ಅಂದುಕೊಂಡಿದ್ದೆ.”

ಆ ದಿನ ಯಾರೂ ಹೊಳೆಗೆ ಹೋಗಲಿಲ್ಲ. ಗಂಡಸರಿಬ್ಬರೂ ಒಂದೊಂದು ಬಟ್ಟಲು ಹಿಡಿದು ಬಿಸಿಲಿಗೆ ಕೂತರು. ಒಳಗೆ ಹಾಸಿಗೆಯಿಂದ ಅವಳು ಕುಡಿಯಲು ನೀರು ಕೇಳಿದಳು. ಮತ್ತೆ ಕೇಳಿದಳು. ಆಮೇಲೆ ಇಬ್ಬರೂ ಎದ್ದರು.

ಮತ್ತೆ ಸಂತೆ ಬಂತು. ಬಣ್ಣಗಾರ ವ್ಯಾಪಾರಿಯನ್ನು ಕೈ ಹಿಡಿದು ಮನೆಗೇ ಕರೆತಂದ.

“ಸ್ವಾಮಿ, ಎಲ್ಲಿಯವರೆಗೆ ನುಂಗಬೇಕು?”

“ನೀಲಿ ಬರುವವರೆಗೂ ನುಂಗಿ.”

“ನೀಲಿ ಎಲ್ಲಿಯವರೆಗೆ ಬರುತ್ತದೆ?”

“ನುಂಗುವವರೆಗೂ ಬರುತ್ತದೆ.”

ವ್ಯಾಪಾರಿ ಆ ಊರಿನಲ್ಲಿ ಆಡಿದ ಒಂದೇ ಒಂದು ನಿಜದ ಮಾತು ಅದು. ಭಾವ, ಭಾವಮೈದುನ ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ವ್ಯಾಪಾರಿಯ ಕಣ್ಣು ಹಾಸಿಗೆಯ ಕಡೆಗೆ ಹೋಯಿತು. ಕಂಬಳಿಯ ಹೊರಗೆ ಚಾಚಿದ್ದ ಕಾಲನ್ನು ಅವನು ನೋಡಿದ. ಆ ಮನೆಯಲ್ಲಿ ಅವಳ ಕಾಲನ್ನು ನೋಡಿದವನು ಅವನೊಬ್ಬನೇ. ಇನ್ನೊಂದು ಶೀಸೆ ಕೊಟ್ಟು, ಸಂತೆ ಮುಗಿಯುವ ಮೊದಲೇ ಗಾಡಿ ಕಟ್ಟಿಕೊಂಡು ಊರು ಬಿಟ್ಟ.

“ಥೂ ಕಳ್ಳ!” ಎಂದ ಮುರಿಗೆಪ್ಪ.

“ಬೈಯಬೇಡ. ಶೇಂಗಾ ಉದುರಿತು, ಆರಿಸು,” ಎಂದರು ಗುರುಗಳು.

ಆ ಮಧ್ಯಾಹ್ನ ಬಣ್ಣಗಾರ ಹೆಂಡತಿಯ ಬಾಯಿಗೆ ಗುಳಿಗೆ ಹಾಕಿ ಹೊರಗೆ ಹೋದ. ಅವಳಿಗೆ ನುಂಗಲು ತ್ರಾಣವಿರಲಿಲ್ಲ. ಗುಳಿಗೆ ಬಾಯಲ್ಲೇ ಕರಗಿತು. ಕಹಿಯಾಯಿತು. ಅಂಗೈಗೆ ಉಗಿದಳು. ಅಂಗೈ ನೀಲಿಯಾಯಿತು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

“ಏನೂಂದ್ರೆ,” ಎಂದು ಕರೆದಳು. “ಒಂದು ಚೊಂಬು ಬಿಸಿನೀರು, ಒಂದು ಬಿಳಿ ಬಟ್ಟೆ ಕೊಡಿ. ಮೈ ಒರೆಸಿಕೊಳ್ಳುತ್ತೇನೆ.”

ಅವನು ತಂದಿಟ್ಟು ಮತ್ತೆ ಬಟ್ಟಲಿನ ಹತ್ತಿರ ಹೋದ. ಅವಳು ಹೊಸ ಶೀಸೆಯ ಗುಳಿಗೆಗಳನ್ನೆಲ್ಲ ಬಿಸಿನೀರಿಗೆ ಸುರಿದಳು. ಬಟ್ಟೆಯನ್ನು ಅದ್ದಿದಳು. ಹಿಂಡಲು ಶಕ್ತಿ ಸಾಲಲಿಲ್ಲ. ಹಾಗೇ ಕೈಯಲ್ಲಿ ಹಿಡಿದು ಅವನನ್ನು ಕರೆದಳು.

“ಇದನ್ನು ನೋಡಿ. ಹೇಗಿದೆ?”

ಬಣ್ಣಗಾರ ಅಭ್ಯಾಸದಂತೆ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿದ. ಕಿಟಕಿಯ ಬೆಳಕಿಗೆ ಹಿಡಿದ.

“ಬಣ್ಣ ತೆಳು. ಆದರೆ ಎಲ್ಲೂ ಕಲೆ ಇಲ್ಲ, ಸಮನಾಗಿ ಹಿಡಿದಿದೆ. ಯಾರು ಹಾಕಿದ್ದು?”

“ನಾನು.”

“ನೀಲಿ ಎಲ್ಲಿಯದು? ಇದು ನನ್ನ ಬಾನಿಯದಲ್ಲವಲ್ಲ?”

ಅವಳು ಖಾಲಿ ಶೀಸೆಯನ್ನು ತೋರಿಸಿದಳು. “ಅಲ್ರೀ, ಈ ಬಟ್ಟೆಗೂ ಲಿವರ್ ಕೆಟ್ಟಿತ್ತೇನೋ, ಸರಿಯಾಗಿ ನೋಡಿ.”

ಬಣ್ಣಗಾರ ನಿಂತೇ ಇದ್ದ. ಬಟ್ಟೆಯಿಂದ ನೀಲಿ ನೀರು ಅವನ ಪಾದದ ಮೇಲೆ ಹನಿಯುತ್ತಿತ್ತು. ಅವನು ಬಟ್ಟೆಯನ್ನು ಬಿಟ್ಟು ಅವಳ ಕಣ್ಣು ನೋಡಿದ. ಆ ಹಳದಿಯನ್ನು ಕಾಣಲು ಈಗ ಬಣ್ಣಗಾರನೇ ಆಗಬೇಕಿರಲಿಲ್ಲ.

“ಗಾಡಿ ಕಟ್ಟೋ!” ಎಂದು ಭಾವಮೈದುನನಿಗೆ ಕೂಗಿದ. ಅವನ ಕೂಗಿಗೆ ಮೇಯುತ್ತಿದ್ದ ಎತ್ತುಗಳು ಬೆದರಿದವು.

ಹೊಳೆ ದಂಡೆಯ ಮೆಟ್ಟಿಲುಗಳನ್ನೆಲ್ಲ ನುಂಗಿತ್ತು. ಬೇರುಸಮೇತ ಮರಗಳು ತೇಲಿ ಹೋಗುತ್ತಿದ್ದವು. ಅಂಬಿಗ ಹರಿಗೋಲನ್ನು ದಡಕ್ಕೆ ಎಳೆದು ಮಗುಚಲು ನಿಂತಿದ್ದ.

“ಆಗುವುದಿಲ್ಲ ಯಜಮಾನರೇ. ಮೊನ್ನೆ ಬಂದಿದ್ದರೆ ಕಣ್ಣು ಮುಚ್ಚಿ ದಾಟಿಸುತ್ತಿದ್ದೆ. ಮೊನ್ನೆ ಏನು ಮಾಡುತ್ತಿ‌ದ್ದಿರಿ?”

ಬಣ್ಣಗಾರ ಅಂಬಿಗನ ಕಾಲು ಹಿಡಿದ. ಅಂಬಿಗ ಗಾಡಿಯೊಳಗೆ ಇಣುಕಿ ನೋಡಿದ. ಹರಿಗೋಲನ್ನು ಮತ್ತೆ ನೀರಿಗೆ ತಳ್ಳಿದ.

“ಆಕೆ, ಜೊತೆಗೆ ಒಬ್ಬರು. ಅಷ್ಟೇ. ಅಲ್ಲಾಡಬೇಡಿ, ಮಾತಾಡಿಸಬೇಡಿ.”

ತಮ್ಮ ಈಚೆ ದಡದಲ್ಲೇ ಉಳಿದ. ಅಕ್ಕಾ ಅಕ್ಕಾ ಎಂದು ಕೂಗುತ್ತಾ ದಂಡೆಯುದ್ದಕ್ಕೂ ಓಡಿದ. ನೀರಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ನಡುಹೊಳೆಯಲ್ಲಿ ಹರಿಗೋಲು ಸುಳಿಗೆ ಸಿಕ್ಕಿ ಬುಗುರಿಯಂತೆ ತಿರುಗಿತು. ಅಂಬಿಗ ಹುಟ್ಟು ಊರಿ ದೇವರನ್ನು ಬೈದ. ಬಣ್ಣಗಾರ ಹೆಂಡತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಕಣ್ಣು ತೆರೆದಳು.

“ಏನು ಹಾಗೆ ನೋಡುತ್ತೀರಿ?”

“ನಿನ್ನನ್ನೇ.”

“ಈಗ ಬಿಡುವಾಯಿತಾ?”

ಹಾಗೆಂದು ಮತ್ತೆ ಕಣ್ಣು ಮುಚ್ಚಿದಳು. ಅವನು ಅವಳ ಕೈ ಹಿಡಿದ. ಕೈ ತಣ್ಣಗಿತ್ತು. ಹೊಳೆಯ ನೀರು ಬಿದ್ದು ತಣ್ಣಗಾಗಿದೆಯೋ, ಬೇರೆಯೋ, ಅವನಿಗೆ ತಿಳಿಯಲಿಲ್ಲ.

ಆಸ್ಪತ್ರೆಯ ವೈದ್ಯ ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

“ಊತ ಮೊಣಕಾಲು ದಾಟಿದ್ದು ಯಾವಾಗ?” ಎಂದು ಕೇಳಿದ.

ಬಣ್ಣಗಾರ ಬಾಯಿ ತೆರೆದ. ಪ್ರತಿ ಬೆಳಗಿನ ನೀಲಿಯೂ ಅವನಿಗೆ ಬಾಯಿಪಾಠವಾಗಿತ್ತು. ಯಾವ ದಿನ ತಿಳಿ, ಯಾವ ದಿನ ಗಾಢ, ಎಲ್ಲವನ್ನೂ ಹೇಳಬಲ್ಲವನಾಗಿದ್ದ. ಇದು ಗೊತ್ತಿರಲಿಲ್ಲ.

ಅವಳನ್ನು ಒಳಗೆ ಎತ್ತಿಕೊಂಡು ಹೋದರು. ಬಾಗಿಲು ಮುಚ್ಚಿತು. ಬಣ್ಣಗಾರ ಮೆಟ್ಟಿಲ ಮೇಲೆ ಕೂತ. ಒಳಗಿನ ಸದ್ದಿಗೆ ಕಿವಿಯಿಟ್ಟ. ಹೊಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ ಮೈಮೇಲಿನ ಸಿಪ್ಪೆ ಕೊಡವಿದರು.

ಮುರಿಗೆಪ್ಪ ಹಣೆ ಗಂಟಿಕ್ಕಿ ಯೋಚಿಸಿದ. ಯೋಚನೆ ಮುಗಿದ ಮೇಲೆ ಮುಂದಕ್ಕೆ ಸರಿದು ಕೂತ.

“ಬುದ್ಧಿ, ಒಂದು ಸಂಶಯ.”

“ಕೇಳು.”

“ಗುಳಿಗೆ ಬಿಟ್ಟ ಮೇಲೆ ಆ ಬಣ್ಣಗಾರನಿಗೆ ನೀಲಿ ನಿಂತಿತೋ? ನಿಲ್ಲಲು ಎಷ್ಟು ದಿನ ಹಿಡಿಯಿತು?”

ಗುರುಗಳು ಅವನ ಮುಖವನ್ನು ನೋಡಿದರು.

“ಆ ಹೆಣ್ಣುಮಗಳು ಉಳಿದಳೇ ಎಂದು ನೀನು ಕೇಳಲಿಲ್ಲ.”